ಅವಳನ್ನು ಎಬ್ಬಿಸಬೇಡ

ಬಸ್ಸಿನಲ್ಲಿ ಕೆಲಸ ಮಾಡಿದಷ್ಟು ಕಾಲ ಕಂಡಕ್ಟರಮ್ಮನ ಬಾಯಿಗೆ ಹೆದರದ ಗಂಡಸಿರಲಿಲ್ಲ. ಬಾಗಿಲಲ್ಲಿ ಜೋತಾಡುವವರನ್ನು ಒಂದು ಮಾತಿಗೆ ಒಳಗೆಳೆಯುತ್ತಿದ್ದಳು, ಕುಡಿದು ಬಂದವರನ್ನು ಅರ್ಧ ಮಾತಿಗೆ ಕೆಳಗಿಳಿಸುತ್ತಿದ್ದಳು. ಅದೇ ಬಾಯಿ ಮನೆಯ ಹೊಸಿಲು ದಾಟಿದೊಡನೆ ಬೀಗ ಹಾಕಿಕೊಳ್ಳುತ್ತಿತ್ತು. ಮೊದಲು ಗಂಡನ ಮುಂದೆ, ಅವನು ಹೋದ ಮೇಲೆ ಮಗನ ಮುಂದೆ. ಮಗನನ್ನು ಅವಳು ‘ದೊರೆ’ ಎಂದು ಕರೆಯುತ್ತಿದ್ದಳು. ಮುದ್ದಿಗೆ ಇಟ್ಟ ಹೆಸರು. ಅವನು ಅದನ್ನು ಹುದ್ದೆ ಎಂದುಕೊಂಡುಬಿಟ್ಟಿದ್ದ.

ದೊರೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಆ ತಿಂಗಳು ಅವಳ ವಾರ್ಡಿನಲ್ಲಿ ಕೆಲಸದವರು ಸಾಲದೆ, ಒಂದು ಪಾಳಿ ಮುಗಿಸಿ ಬಂದು ಕಾಲು ಚಾಚುವಷ್ಟರಲ್ಲಿ ಇನ್ನೊಂದಕ್ಕೆ ಕರೆ ಬರುತ್ತಿತ್ತು. ಒಂದು ದಿನ ತುತ್ತು ಕೈಯಲ್ಲಿ ಹಿಡಿದುಕೊಂಡೇ ತಟ್ಟೆಯ ಮುಂದೆ ನಿದ್ದೆಹೋದಳು. ಅದನ್ನು ಕಂಡು ದೊರೆಗೆ ಎಲ್ಲಿಲ್ಲದ ಮರುಕ ಉಕ್ಕಿತು. ಕೆರೆಯ ದಂಡೆಗೆ ಹೋಗಿ ಎರಡು ದಿನ ಗುಡಾರ ಹಾಕಿಕೊಂಡು ಇರೋಣ, ಒಲೆಯ ಹೊಣೆ ನನ್ನದು, ನೀನು ಹೊತ್ತು ಏರುವವರೆಗೆ ಮಲಗು ಎಂದ. ಸೊಸೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ತನ್ನ ದಿಂಬನ್ನು ಮಾತ್ರ ಮರೆಯದೆ ಚೀಲಕ್ಕೆ ತುರುಕಿಕೊಂಡಳು.

ಕಂಡಕ್ಟರಮ್ಮನೂ ಜೊತೆಗೆ ಹೊರಟಳು. ಹೋದ ದಿನ ಸಂಜೆ ಬೆಳಕಿರುವಾಗಲೇ ಸೊಸೆ ಮಲಗಿಬಿಟ್ಟಳು. ದೊರೆ ಪಕ್ಕದ ಗುಡಾರದವರ ಬಳಿ ಹೋಗಿ ಹರಟೆಗೆ ಕುಳಿತ. ಅಲ್ಲಿ ಒಬ್ಬ ಬಡಗಿ, ಅವನ ಹೆಂಡತಿ, ಅವಳ ಇಬ್ಬರು ಅಣ್ಣಂದಿರು ಇದ್ದರು. ಮಾತು ತಿಂಡಿಯ ಕಡೆ ಹೊರಳಿದಾಗ ದೊರೆ, ನಾಳೆ ಎಲ್ಲರೂ ನಮ್ಮಲ್ಲಿಗೇ ಬನ್ನಿ, ಒಂದೇ ಬಾಣಲೆಯಲ್ಲಿ ಹೊಟ್ಟೆ ಬಿರಿಯುವಷ್ಟು ಮಾಡಿಹಾಕುತ್ತೇನೆ ಎಂದು ಕೊಚ್ಚಿಕೊಂಡ. ಕಂಡಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಯಾವಾಗಲೂ ಮಾಡುವಂತೆ ಸುಮ್ಮನಿದ್ದಳು.

ಬೆಳಿಗ್ಗೆ ಅವಳು ಎದ್ದು ತನ್ನ ಗುಡಾರದಿಂದ ಹೊರಗೆ ಬಂದಾಗ ಸ್ಟೂಲಿನ ಮೇಲೆ ಆಲೂಗಡ್ಡೆ, ಈರುಳ್ಳಿ, ಮೊಟ್ಟೆ ಎಲ್ಲ ಸಿದ್ಧವಾಗಿದ್ದವು. ದೊರೆ ಮಾತ್ರ ಒಲೆಯ ಹತ್ತಿರ ಇರಲಿಲ್ಲ. ಸೊಸೆ ಮಲಗಿದ್ದ ಗುಡಾರದ ಜಿಪ್ ತೆಗೆದು ಒಳಗೆ ತಲೆ ಹಾಕಿದ್ದ.

“ಏಳೇ. ಇಷ್ಟು ಹೆಚ್ಚಿ ಕೊಟ್ಟು ಮತ್ತೆ ಮಲಗಿಬಿಡು. ಅವರೆಲ್ಲ ಬಂದುಬಿಡ್ತಾರೆ.”

ಕಂಬಳಿಯಿಂದ ಸೊಸೆಯ ಒಂದು ಕಾಲು ಹೊರಗಿತ್ತು. ಒಡೆದ ಹಿಮ್ಮಡಿ, ಕಣಕಾಲಿನ ಸುತ್ತ ಕಾಲುಚೀಲ ಕಚ್ಚಿದ ಗುರುತು. ಆ ಕಾಲು ಒಮ್ಮೆ ಒಳಗೆ ಸರಿಯಿತು. ಆಮೇಲೆ ನಿಧಾನವಾಗಿ ಹೊರಬಂದು ಚಪ್ಪಲಿಗಾಗಿ ತಡಕಾಡತೊಡಗಿತು.

ಜಗಳವಿಲ್ಲ, ಗೊಣಗಾಟವಿಲ್ಲ. ಆ ತಡಕಾಟ ಕಂಡದ್ದೇ ಕಂಡಕ್ಟರಮ್ಮನ ಪಿತ್ತ ನೆತ್ತಿಗೇರಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಮನೆಯಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

“ಅವಳನ್ನ ಎಬ್ಬಿಸಬೇಡ. ಜಿಪ್ ಹಾಕಿ ಈಚೆ ಬಾ.”

ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುತ್ತಿದ್ದ ಗಂಟಲು ಅದು. ಜೊಂಡಿನಲ್ಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ದೊರೆ ಬೆಚ್ಚಿ, ಮೆಲ್ಲಗೆ ಮಾತಾಡಮ್ಮ, ಪಕ್ಕದಲ್ಲಿ ಜನ ಇದ್ದಾರೆ ಎಂದ. ನೀನೇ ಕರೆದ ಜನ ತಾನೇ, ಕೇಳಲಿ ಎಂದಳು. ಅವನು ಸ್ವಲ್ಪ ಯೋಚಿಸಿ, ಹಾಗಾದರೆ ನೀನೇ ಒಂದಿಷ್ಟು ಹೆಚ್ಚಿಕೊಡು ಎಂದು ಚಾಕುವನ್ನು ಅವಳ ಕಡೆ ಚಾಚಿದ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

“ಈ ಕೈ ನಿಮ್ಮಪ್ಪನಿಗೂ ಬೇಯಿಸಿ ಹಾಕ್ತು, ನಿನಗೂ ಬೇಯಿಸಿ ಹಾಕ್ತು. ಇವತ್ತು ಇದಕ್ಕೆ ರಜ. ಆಡಿದ ಮಾತು ನಿನ್ನದು, ಒಲೆಯೂ ನಿನ್ನದೇ.”

ಮಡಚುವ ಕುರ್ಚಿಯನ್ನು ಒಲೆಯ ಎದುರಿಗೇ ಎಳೆದುಕೊಂಡು ಕುಳಿತಳು. ದೊರೆ ಹಲ್ಲು ಕಚ್ಚಿಕೊಂಡು ಆಲೂಗಡ್ಡೆಯನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿದ. ಉರಿ ಜೋರಾಗಿತ್ತು, ಎಣ್ಣೆ ಹೊಗೆಯಾಡಿತು. ಆಲೂಗಡ್ಡೆ ಬೇಯುವ ಮೊದಲೇ ಈರುಳ್ಳಿ, ಟೊಮೆಟೊ ಎಲ್ಲ ಸುರಿದು ಮೇಲೆ ಮೊಟ್ಟೆ ಒಡೆದ. ತಳ ಸೀದ ವಾಸನೆ ಎದ್ದಿತು. ಉಪ್ಪು ಎಷ್ಟು ಹಾಕಲಿ ಎಂದು ಅವನು ಕೇಳಿದ್ದಕ್ಕೆ ಅವಳು ಕೆರೆಯ ಕಡೆ ಮುಖ ತಿರುಗಿಸಿದಳು.

ಅಷ್ಟರಲ್ಲಿ ನೆಂಟರಂತೆ ಕೈಯಲ್ಲಿ ತಟ್ಟೆ ಹಿಡಿದು ಪಕ್ಕದವರು ಬಂದರು. ದೊರೆ ಹಲ್ಲು ಕಿರಿದು, ನಮ್ಮವಳಿಗೆ ಇವತ್ತು ಹುಷಾರಿಲ್ಲ, ಅದಕ್ಕೇ ಹೀಗೆ ಎಂದ.

“ಅವಳು ಹುಷಾರಾಗೇ ಇದ್ದಾಳೆ. ದುಡಿದು ದಣಿದಿದ್ದಾಳೆ. ಅಡುಗೆ ನಾನು ಮಾಡ್ತೀನಿ ಅಂದವನು ಇವನು,” ಎಂದಳು ಕಂಡಕ್ಟರಮ್ಮ.

ಬಡಗಿಯ ಹೆಂಡತಿ ತನ್ನ ತಟ್ಟೆಯನ್ನು ಕೆಳಗಿಟ್ಟು, ಇನ್ನೊಂದು ಚಾಕು ಹುಡುಕಿ ಗಂಡನ ಕೈಗೆ ಕೊಟ್ಟಳು. ಅವನು ಕುಳಿತು ಈರುಳ್ಳಿ ಸುಲಿಯತೊಡಗಿದ.

ಆಗಲೇ ಗುಡಾರದಿಂದ ಸೊಸೆ ಹೊರಬಂದಳು. ಕಣ್ಣು ಕೆಂಪಗಿತ್ತು, ಕೂದಲು ಕೆದರಿತ್ತು. ಕಂಡಕ್ಟರಮ್ಮನ ಮನಸ್ಸು ಅವಳಿಂದ ಒಂದು ಒಳ್ಳೆಯ ಮಾತನ್ನು ಬಯಸಿತ್ತು. ಸೊಸೆ ಗಂಡನ ಕಡೆ ತಿರುಗಿಯೂ ನೋಡದೆ ನೇರವಾಗಿ ಅತ್ತೆಯ ಮುಂದೆ ಬಂದು ನಿಂತಳು.

“ನಿಮಗೆ ಇಂಥ ಗಂಟಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ ಅತ್ತೆ. ಜ್ವರದಲ್ಲಿ ಗೋಡೆ ಹಿಡ್ಕೊಂಡು ಇವರ ಸ್ನೇಹಿತರಿಗೆಲ್ಲ ಬಡಿಸಿದ್ದೀನಿ. ನೀವು ಪಕ್ಕದಲ್ಲೇ ನಿಂತಿದ್ರಿ. ಆವತ್ತು ಇದು ಎಲ್ಲಿತ್ತು?”

ಕಂಡಕ್ಟರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಸಿಟ್ಟು ಮತ್ತೆ ಭುಗಿಲೆದ್ದಿತು. ಆದರೆ ಅದು ಈಗ ಹೋಗಿ ಬೀಳಲು ತನ್ನ ಹೊರತು ಇನ್ಯಾರೂ ಕಾಣಲಿಲ್ಲ.

“ಇತ್ತು,” ಎಂದಳು. “ಬಳಸಲಿಲ್ಲ.”

ದೊರೆ ನಡುವೆ ಬಾಯಿ ಹಾಕಿ, ಆಯಿತು ಬಿಡಿ, ಬಿಸಿಯಿರುವಾಗಲೇ ತಿನ್ನೋಣ ಎಂದ. ಒಬ್ಬಳು ‘ಸುಮ್ಮನಿರು’ ಎಂದಳು, ಇನ್ನೊಬ್ಬಳು ‘ಸುಮ್ಮನಿರಿ’ ಎಂದಳು. ಗೌರವದಲ್ಲಿ ವ್ಯತ್ಯಾಸವಿತ್ತು, ಸಿಟ್ಟಿನಲ್ಲಿ ಇರಲಿಲ್ಲ.

ಸೀದದ್ದನ್ನು ಕೆರೆದು ಚೆಲ್ಲಿ ಎರಡನೆಯ ಸಲ ಮಾಡಿದ್ದು ದೊರೆ ಮತ್ತು ಬಡಗಿ. ಈ ಸಲ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಮುಚ್ಚಿಟ್ಟು ಬೇಯಿಸಿ, ಆಮೇಲೆ ಮೊಟ್ಟೆ ಒಡೆದರು. ರುಚಿಯಾಗಿಯೇ ಇತ್ತು, ಆದರೆ ಯಾರೂ ಹೊಗಳಲಿಲ್ಲ. ಸೊಸೆ ತಟ್ಟೆ ತುಂಬಾ ಹಾಕಿಸಿಕೊಂಡು ದೂರದ ಕಲ್ಲಿನ ಮೇಲೆ ಕುಳಿತು ತಿಂದಳು. ಇನ್ನಷ್ಟು ಬೇಕೇ ಎಂದು ಗಂಡ ಹತ್ತಿರ ಬಂದಾಗ ಬೇಕು ಎಂದು ತಟ್ಟೆ ಚಾಚಿದಳು, ಮುಖ ಎತ್ತಲಿಲ್ಲ.

ಊರಿಗೆ ಮರಳಿದ ಮೇಲೆ ಬೆಳಗಿನ ಒಲೆ ದೊರೆಯ ಪಾಲಿಗೇ ಬಂತು. ಅವನೊಡನೆ ಸೊಸೆಯ ಜಗಳ ಬೇಗ ಮುಗಿಯಿತು. ಅವನ ಮೇಲೆ ಅವಳು ಅಂಥ ನಂಬಿಕೆಯನ್ನೇನೂ ಇಟ್ಟಿರಲಿಲ್ಲ. ಅತ್ತೆಯ ಮೇಲೆ ಇಟ್ಟಿದ್ದಳು. ಆ ಮುನಿಸು ಇಳಿಯಲು ಮಳೆಗಾಲ ಕಳೆದು ಚಳಿ ಬರಬೇಕಾಯಿತು. ಅಷ್ಟು ದಿನವೂ ಕಂಡಕ್ಟರಮ್ಮ, ಬೇಗ ಮರೆತುಬಿಡು ಎಂದು ಒಮ್ಮೆಯೂ ಅವಳನ್ನು ಕೇಳಲಿಲ್ಲ.