ಮೂರನೆಯ ಕೈ

ನಾನು ಒಂದು ಕೈಗನ್ನಡಿ. ಹುಬ್ಬಳ್ಳಿಯ ಒಂದು ಗಾಜಿನ ಅಂಗಡಿಯಲ್ಲಿ, ಯಾರದೋ ಮದುವೆಯ ಬೀರುವಿಗೆಂದು ದೊಡ್ಡ ಕನ್ನಡಿ ಕೊಯ್ದ ಮೇಲೆ ಉಳಿದ ತುಂಡು ನಾನು. ಗಾಜು ಕೊಯ್ಯುವ ಇಮಾಮಸಾಬನಿಗೆ ಎಸೆಯಲು ಮನಸ್ಸಾಗಲಿಲ್ಲ. ನನ್ನ ಅಂಚು ಉಜ್ಜಿ ಗುಂಡಗೆ ಮಾಡಿದ, ಸಾಗವಾನಿಯ ಚೌಕಟ್ಟು ಹಾಕಿದ, ಕೆಳಗೊಂದು ಹಿಡಿ ಕೂರಿಸಿದ. ಹಿಡಿ ಒಂದೆಳೆ ಓರೆಯಾಯಿತು. "ಇರ್ಲಿ, ನಡೀತೈತಿ" ಎಂದ. ಹಾಗೆ ಹುಟ್ಟಿದವನು ನಾನು, ಅಂಥ ಕುಲೀನನೇನಲ್ಲ. ಆದರೂ ಸೊಕ್ಕು ಮಾತ್ರ ಬಹಳ ಇತ್ತು. ಆ ಸೊಕ್ಕಿನಿಂದಲೇ ಒಂದು ತಪ್ಪಾಯಿತು, ಅದನ್ನು ಹೇಳಿಕೊಳ್ಳಬೇಕೆಂದೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ಮೊದಲು ರಾಣೆಬೆನ್ನೂರಿನ ಬಳೆ ಅಂಗಡಿಯ ಚಂದ್ರವ್ವ ನನ್ನನ್ನು ಕೊಂಡಳು. ನಾಲ್ಕು ವರ್ಷ ಹೆಂಗಸರ ಮುಖ ನೋಡಿದೆ. ನನ್ನನ್ನು ಹಿಡಿದವರೆಲ್ಲ ಸೊಟ್ಟಗೆ ಹಿಡಿಯುತ್ತಿದ್ದರು, ಅರ್ಧ ಮುಖ, ಅರ್ಧ ಗೋಡೆ ಕಾಣುತ್ತಿತ್ತು. "ಏನ್ ಕನ್ನಡೀನೋ ಏನೋ" ಎಂದು ಬೈಯುತ್ತಿದ್ದರು. ಚಂದ್ರವ್ವ ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಾಗ ಪಕ್ಕದ ಸಲೂನಿನ ಗುಡದಪ್ಪ ಹಡಪದನಿಗೆ ನನ್ನನ್ನು ಸುಮ್ಮನೆ ಕೊಟ್ಟು ಹೋದಳು.

ಗುಡದಪ್ಪ ನನ್ನನ್ನು ಕೈಗೆತ್ತಿಕೊಂಡ ದಿನವನ್ನು ನಾನು ಮರೆಯುವುದಿಲ್ಲ. ಅವನ ಎಡಗೈಯ ಹೆಬ್ಬೆರಳು ಚಿಕ್ಕಂದಿನಲ್ಲಿ ಮುರಿದು ಸ್ವಲ್ಪ ಹೊರಳಿಕೊಂಡಿತ್ತು. ನನ್ನ ಓರೆ ಹಿಡಿಗೂ ಅವನ ಓರೆ ಬೆರಳಿಗೂ ಸರಿಹೋಯಿತು. ಅವನ ಕೈಯಲ್ಲಿ ಮಾತ್ರ ನಾನು ನೆಟ್ಟಗೆ ನಿಲ್ಲುತ್ತಿದ್ದೆ.

ನನ್ನ ಕೆಲಸ ಏನೆಂದು ನೀವು ಬಲ್ಲಿರಿ. ಕಟಿಂಗ್ ಮುಗಿದ ಮೇಲೆ ಕ್ಷೌರಿಕ ತಲೆಯ ಹಿಂದೆ ಒಂದು ಕನ್ನಡಿ ಹಿಡಿಯುತ್ತಾನಲ್ಲ, ಅದು ನಾನು. ಎದುರಿನ ಗೋಡೆಯ ಕನ್ನಡಿಯಲ್ಲಿ ನಾನು ಕಾಣಬೇಕು, ನನ್ನಲ್ಲಿ ಗಿರಾಕಿಯ ಹಿಂದಲೆ ಕಾಣಬೇಕು. ಅವನು ಗೋಣು ಹಾಕಬೇಕು. ಈ ಊರಿನ ಮಾಮಲೇದಾರರು, ಮಾಸ್ತರರು, ಹಮಾಲರು ಎಲ್ಲರ ಹಿಂದಲೆಯೂ ನನಗೆ ಗೊತ್ತು. ಅವಸರದ ಗಿರಾಕಿ ಯಾರಾದರೂ ನನ್ನ ಕಡೆ ಕೈ ಚಾಚಿದರೆ ಗುಡದಪ್ಪ ಬಿಡುತ್ತಿರಲಿಲ್ಲ. "ಅದು ನಿಮ್ಮ ಕೈಗೆ ಬಗ್ಗೂದಿಲ್ರಿ, ನಾನು ಹಿಡಿತೇನಿ" ಎನ್ನುತ್ತಿದ್ದ. ಕೇಳಿದಾಗಲೆಲ್ಲ ನನಗೆ ಉಬ್ಬು. ಇಪ್ಪತ್ತೇಳು ವರ್ಷ ಹೀಗೇ ಉಬ್ಬಿದೆ.

ಗುಡದಪ್ಪನಿಗೆ ಸುಲೋಚನಾ ಎಂಬ ಮಗಳು. ಅದೇ ಊರಿನಲ್ಲಿ ಕೊಟ್ಟಿದ್ದಾನೆ. ಹನ್ನೆರಡು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಮೇಲ್ವಿಚಾರಕಿಯಾಗಿ ಬಡ್ತಿ ಬೇಕೆಂದರೆ ಡಿಗ್ರಿ ಬೇಕು. ಅದಕ್ಕಾಗಿ ದೂರದ ಒಂದು ಕಾಲೇಜಿಗೆ ಆನ್‌ಲೈನಿನಲ್ಲಿ ಸೇರಿ, ಮಕ್ಕಳ ತೂಕ ಬರೆಯುವುದು, ಮೊಟ್ಟೆ ಹಂಚುವುದು, ಮನೆ, ಅಡುಗೆ ಎಲ್ಲದರ ನಡುವೆ ಒಂದೊಂದೇ ಪೇಪರು ಮುಗಿಸುತ್ತ ಬಂದಿದ್ದಳು. ಕೊನೆಗೆ ಒಂದೇ ಉಳಿಯಿತು. ಅದರ ಹೆಸರು ಪಾಶ್ಚಾತ್ಯ ಮಾನವಿಕ ಶಾಸ್ತ್ರ, ಪ್ರಾಚೀನ ಕಾಲದಿಂದ ಮಧ್ಯಯುಗದವರೆಗೆ. ಆ ವರ್ಷದ ಬಡ್ತಿ ಪಟ್ಟಿ ಶ್ರಾವಣದಲ್ಲಿ ಮುಚ್ಚುತ್ತಿತ್ತು. ಅಷ್ಟರೊಳಗೆ ಇದೊಂದು ಪಾಸಾದರೆ ಅವಳ ಹೆಸರು ಪಟ್ಟಿಯಲ್ಲಿ, ಇಲ್ಲದಿದ್ದರೆ ಮುಂದಿನ ಪಟ್ಟಿ ಯಾವ ಕಾಲಕ್ಕೋ.

ಅವಳ ಮನೆಯ ಗೋಡೆಗೆ ಹತ್ತಿ ಹಿಟ್ಟಿನ ಗಿರಣಿ ಇದೆ, ಒಂದು ಮಾತೂ ಕೇಳಿಸುವುದಿಲ್ಲ. ಮಂಗಳವಾರ ಸಲೂನಿಗೆ ರಜೆ. ಹಾಗಾಗಿ ಮಂಗಳವಾರ ಮಧ್ಯಾಹ್ನ ಅಂಗನವಾಡಿ ಬಿಟ್ಟ ಮೇಲೆ ನಮ್ಮ ಅಂಗಡಿಗೆ ಬಂದು, ಬ್ಲೇಡು, ಬಾಚಣಿಕೆ ಸರಿಸಿ, ಲ್ಯಾಪ್‌ಟಾಪ್ ಇಟ್ಟು ಕೂರುತ್ತಿದ್ದಳು. ಪಾಠ ಹೇಳುವವರು ಮಂದಾಕಿನಿ ಮೇಡಂ ಎಂಬ ವಯಸ್ಸಾದ ಹೆಂಗಸು, ಮೃದು ದನಿ, ಒಳ್ಳೆಯ ಕನ್ನಡ.

ಗುಡದಪ್ಪನೂ ಗಿರಾಕಿಯ ಕುರ್ಚಿಯಲ್ಲಿ ಕಾಲು ಚಾಚಿ ಕೇಳುತ್ತಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಗ್ರೀಕರು ಗುಡ್ಡದ ಇಳಿಜಾರಿನಲ್ಲಿ ನಾಟಕ ನೋಡಲು ಕಲ್ಲಿನ ಮೆಟ್ಟಿಲು ಕಡಿದದ್ದು, ನಟರು ಮುಖವಾಡ ಹಾಕಿಕೊಂಡದ್ದು ಕೇಳಿ ತಲೆದೂಗಿದ. ರೋಮಿನಲ್ಲಿ ಕ್ಷೌರದ ಅಂಗಡಿಯೇ ಊರ ಸುದ್ದಿಯ ಜಾಗವಾಗಿತ್ತು ಎಂದಾಗ ಎದ್ದು ಕೂತ. ಮಧ್ಯಯುಗದ ಮಠಗಳ ಪಾಠ ಬಂತು. ಸನ್ಯಾಸಿಗಳು ನಡುನೆತ್ತಿ ಬೋಳಿಸಿಕೊಂಡು ಸುತ್ತ ಕೂದಲು ಬಿಡುತ್ತಿದ್ದರು, ಕ್ಷೌರಿಕರೇ ಹಲ್ಲು ಕೀಳುತ್ತಿದ್ದರು, ಕೆಟ್ಟ ರಕ್ತ ತೆಗೆಯುತ್ತಿದ್ದರು ಎಂದು ಮೇಡಂ ಹೇಳಿದರು.

"ಅಂದ್ರ ನಮ್ಮ ಮಂದಿ ಡಾಕ್ಟರ್ ಇದ್ರಂತೇನವಾ?" ಎಂದ ಗುಡದಪ್ಪ.

"ಅರ್ಧ ಡಾಕ್ಟರ್. ಸುಮ್ಮಕಿರಪ್ಪ, ಬರಕೋಬೇಕು" ಎಂದಳು ಸುಲೋಚನಾ.

ಬುಧವಾರ ಬೆಳಗಾದರೆ ಮಂಗಳವಾರದ ಪಾಠವೆಲ್ಲ ಗಿರಾಕಿಗಳ ಕಿವಿಗೆ. ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡವರು ಎದ್ದು ಓಡುವ ಹಾಗಿಲ್ಲವಲ್ಲ. ಸಂಜೆ ಮಗಳು ಬಂದಾಗ ಮತ್ತೊಮ್ಮೆ ಅವಳಿಗೇ ಒಪ್ಪಿಸುತ್ತಿದ್ದ. ಅವಳು ನಗುತ್ತ ಕೇಳಿ, ತಪ್ಪಿದ್ದರೆ ತಿದ್ದುತ್ತಿದ್ದಳು. ಐದು ತಿಂಗಳು ನಮ್ಮ ಅಂಗಡಿಯಲ್ಲಿ ಹೀಗೆ ನಡೆಯಿತು, ಅಷ್ಟು ಸುಖದ ದಿನಗಳನ್ನು ನಾನು ಬೇರೆ ಕಂಡಿಲ್ಲ.

ಪರೀಕ್ಷೆಯೂ ಮಂಗಳವಾರವೇ ಬಂತು. ಲ್ಯಾಪ್‌ಟಾಪಿನ ಕ್ಯಾಮರಾದ ಆಚೆ, ಯಾವುದೋ ಊರಿನಲ್ಲಿ ಕೂತ ಮೇಲ್ವಿಚಾರಕನೊಬ್ಬ ಪೂರ್ತಿ ಹೊತ್ತು ನೋಡುತ್ತಿರುತ್ತಾನೆ. ಕೋಣೆಯಲ್ಲಿ ಬರೆಯುವವರನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಕೂಡದು. ಸಲೂನಿನಲ್ಲಿ ಅದೇ ಕಷ್ಟ. ಎದುರು ಬದುರು ಗೋಡೆಗಳಲ್ಲಿ ಕನ್ನಡಿ, ಒಬ್ಬ ಸುಲೋಚನಾ ಕೂತರೆ ನಲವತ್ತು ಸುಲೋಚನಾ ಕಾಣುತ್ತಾರೆ. ಗುಡದಪ್ಪ ಮೈಮೇಲೆ ಹೊದಿಸುವ ಬಿಳಿ ಬಟ್ಟೆಗಳನ್ನೆಲ್ಲ ತಂದು ಗೋಡೆಯ ಕನ್ನಡಿಗಳನ್ನು ಮುಚ್ಚಿದ. ನನ್ನೊಬ್ಬನನ್ನು ಮಾತ್ರ ಮುಚ್ಚಲಿಲ್ಲ. ಲ್ಯಾಪ್‌ಟಾಪಿನ ಅಂಚಿಗೆ ನಕಲು ಚೀಟಿ ಅಂಟಿಸಿದ್ದರೆ ಅದರ ಕ್ಯಾಮರಾಕ್ಕೆ ಗೊತ್ತಾಗುವುದಿಲ್ಲ, ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ. ಅದಕ್ಕೆ ಶುರುವಿನಲ್ಲಿ ಒಂದು ಕೈಗನ್ನಡಿ ಹಿಡಿದು ತೋರಿಸಬೇಕು ಎಂಬುದು ನಿಯಮ.

"ನೀ ಹೊರಗ ಹೋಗಪ್ಪ, ಟೈಮಾತು" ಎಂದಳು ಸುಲೋಚನಾ.

"ನಳ ಬಂದಾವ. ಡ್ರಮ್ ತುಂಬತಿದ್ದಂಗ ಹಿಂದಿನ ಬಾಗಿಲಿಂದ ಹೋಗ್ತೇನಿ. ಪರದೆ ಐತಲ್ಲ" ಎಂದ. ನೀರಿನ ಡ್ರಮ್ಮು ಅಂಗಡಿಯ ಹಿಂಭಾಗದಲ್ಲಿ, ಬಟ್ಟೆಯ ಪರದೆಯ ಆಚೆ. ನಮ್ಮ ಓಣಿಯಲ್ಲಿ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ. ಅವಳಿಗೂ ಅದು ಗೊತ್ತು. ಹೂಂ ಎಂದಳು.

ಲ್ಯಾಪ್‌ಟಾಪಿನಿಂದ ಆ ಮೇಲ್ವಿಚಾರಕನ ದನಿ ಬಂತು. "ಮೇಡಂ, ಮಿರರ್ ತೋರಿಸಿ." ಸುಲೋಚನಾ ನನ್ನನ್ನು ಎತ್ತಿ ಹಿಡಿದಳು. ನಾನು ವಾಲಿದೆ. ಅವನಿಗೆ ಗೋಡೆ ಕಂಡಿತು. "ಸ್ವಲ್ಪ ಕೆಳಗೆ. ಇಲ್ಲ, ಎಡಕ್ಕೆ. ಮೇಡಂ, ಓರೆ ಇದೆ." ಅವಳ ಕೈ ಬೆವೆತಿತ್ತು. ತಿರುಗಿಸಿದಳು, ಈಗ ಸೂರು ಕಂಡಿತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ನನಗೆ ಸಿಟ್ಟು ಬಂತು. ಇಪ್ಪತ್ತೇಳು ವರ್ಷ ಒಂದೇ ಕೈಯಲ್ಲಿ ನೆಟ್ಟಗೆ ನಿಂತವನು ನಾನು, ನನ್ನನ್ನು ಯಾರೋ ಓರೆ ಎನ್ನುವುದೆಂದರೇನು? ಗುಡದಪ್ಪನ ಕೈ ಬರಲಿ ಎಂದು ಬಯಸಿದೆ. ಪರದೆಯ ಸಂದಿಯಲ್ಲಿ ಗುಡದಪ್ಪ ನಿಂತದ್ದು, ಕೊಡ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದದ್ದು ಅತ್ತಿತ್ತ ವಾಲುವಾಗ ನನ್ನಲ್ಲಿ ಕಂಡಿತು. ಅವನ ಮುಖದಲ್ಲಿ ಸಂಕಟವಿತ್ತು. ಬಾ ಎಂದೆ. ನನಗೆ ಬಾಯಿಲ್ಲ, ಆದರೂ ಎಂದೆ. ಸುಲೋಚನಾಳ ಬೆರಳಿನ ನಡುವೆ ಇನ್ನಷ್ಟು ಜಾರಿದೆ.

ಕೊಡ ಕೆಳಗಿಟ್ಟ ಸದ್ದು ಕೇಳಿತು. ಹಿಂದಿನಿಂದ ಒಂದು ಒದ್ದೆ ಕೈ ಬಂದು ನನ್ನನ್ನು ಹಿಡಿದು ಮೆಲ್ಲಗೆ ತಿರುಗಿಸಿತು, ಸಾವಿರ ಸಲ ತಿರುಗಿಸಿದ ಹಾಗೆಯೇ. ಲ್ಯಾಪ್‌ಟಾಪಿನ ನಾಲ್ಕೂ ಅಂಚು ನನ್ನಲ್ಲಿ ಸ್ಪಷ್ಟವಾಗಿ ಕಂಡವು. ಒಂದು ಚೀಟಿಯೂ ಇರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಕೈ ಯಾರದು ಎಂದು ಅತ್ತಲಿಂದ ಕೇಳಿದ್ದು ಒಂದು ಗಳಿಗೆ ತಡವಾಗಿ ಅರ್ಥವಾಯಿತು.

"ಮೇಡಂ, ರೂಮಿನಲ್ಲಿ ಇನ್ನೊಬ್ಬರಿದ್ದಾರೆ. ಎಕ್ಸಾಮ್ ನಿಲ್ಲಿಸ್ತಿದೀನಿ."

ಗುಡದಪ್ಪ ತನ್ನ ಕೈಯನ್ನೇ ನೋಡುತ್ತ ನಿಂತ. "ನಾ ಬೇಕಂತ ಮಾಡ್ಲಿಲ್ಲವಾ" ಎಂದ. "ಅದು ಓರೆ ಇತ್ತು."

ಎರಡು ವಾರದ ಮೇಲೆ ವಿಚಾರಣೆ. ಅದೂ ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಅಂಗಡಿಯಲ್ಲಿ. ಪರದೆಯ ಮೇಲೆ ಮೂವರು, ಅವರಲ್ಲಿ ಮಂದಾಕಿನಿ ಮೇಡಂ ಒಬ್ಬರು. ಸುಲೋಚನಾ ಮೊದಲೇ ಅಪ್ಪನಿಗೆ ಹೇಳಿಟ್ಟಿದ್ದಳು. "ಏನ್ ಕೇಳಿದ್ರೂ ನನಗೇನೂ ತಿಳಿಯೂದಿಲ್ರಿ ಅನ್ನು. ಅಷ್ಟ ಅನ್ನು. ಉತ್ತರ ಹೇಳಿಕೊಡಾಕ ಬರದವರು ಅಂತ ಬಿಟ್ಟುಬಿಡ್ತಾರ."

ನಡುವೆ ಕೂತ ಅಧಿಕಾರಿ ಕೇಳಿದರು. "ನಿಮಗೆ ಈ ವಿಷಯದ ಬಗ್ಗೆ ಏನಾದರೂ ಗೊತ್ತಿದೆಯೇ?"

ಗುಡದಪ್ಪ ಬಾಯಿ ತೆರೆದ. ಐದು ತಿಂಗಳು ತಾನು ನೋಡಿದ, ತನ್ನನ್ನು ಒಮ್ಮೆಯೂ ನೋಡಿರದ ಮೇಡಂ ಈಗ ತನ್ನನ್ನೇ ನೋಡುತ್ತಿದ್ದರು. ಅವರ ಎದುರಿಗೆ, ಅವರ ಪಾಠ ತನಗೇನೂ ಗೊತ್ತಿಲ್ಲ ಎನ್ನುವುದು ಹೇಗೆ? ಎರಡೂ ಕೈ ಜೋಡಿಸಿದ. "ಗೊತ್ತೈತ್ರಿ. ನಿಮ್ಮಿಂದನ ಗೊತ್ತಾತ್ರಿ ಮೇಡಂ ಅವರ" ಎಂದ. ಏನು ಗೊತ್ತು ಎಂದು ಮೇಡಂ ಕೇಳಿದರು. ಗ್ರೀಕರ ಮುಖವಾಡದಿಂದ ಹಿಡಿದು ಸನ್ಯಾಸಿಗಳ ನೆತ್ತಿಯವರೆಗೆ ಹೇಳಿದ, ಆ ಸನ್ಯಾಸಿಗಳು ಬೆಳಗಿಗೆ ಮುಂಚೆ ಎದ್ದು ಎಷ್ಟು ಸಲ ಪ್ರಾರ್ಥನೆ ಮಾಡುತ್ತಿದ್ದರು, ಪುಸ್ತಕ ನಕಲು ಮಾಡಲು ಯಾವ ಚರ್ಮ ಬಳಸುತ್ತಿದ್ದರು ಎಂಬುದನ್ನೂ ಬಿಡಲಿಲ್ಲ. ಉಳಿದಿಬ್ಬರು ಬರೆದುಕೊಳ್ಳುತ್ತಿದ್ದರು. ಸುಲೋಚನಾ ಕಣ್ಣು ಮುಚ್ಚಿಕೊಂಡಳು. ಮಂದಾಕಿನಿ ಮೇಡಂ ಮುಖ ಅರಳಿತು, ಆಮೇಲೆ ತಲೆ ತಗ್ಗಿಸಿದರು.

ಪರೀಕ್ಷೆ ರದ್ದಾಯಿತು. ಮುಂದಿನ ಅವಧಿಗೆ ಮತ್ತೆ ಬರೆಯಬಹುದು ಎಂದರು. ಶ್ರಾವಣದಲ್ಲಿ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ. ಅವಳಿಗಿಂತ ನಾಲ್ಕು ವರ್ಷ ಕಿರಿಯಳೊಬ್ಬಳು ಮೇಲ್ವಿಚಾರಕಿಯಾಗಿ ಅವಳ ರಿಜಿಸ್ಟರ್ ತಪಾಸಣೆಗೆ ಬಂದಳಂತೆ.

ಸುಲೋಚನಾ ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವನು ನನ್ನನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೆಳಗಿನ ಡ್ರಾವರಿಗೆ ಹಾಕಿದ. ಗಿರಾಕಿಗಳಿಗೆ ಹಿಂದಲೆ ತೋರಿಸುವುದನ್ನೇ ಬಿಟ್ಟ. ಯಾರಾದರೂ ಕೇಳಿದರೆ "ಛಲೋ ಆಗೇತ್ರಿ, ನಂಬ್ರಿ" ಎನ್ನುತ್ತಿದ್ದ. ಅವಳು ಮಂಗಳವಾರ ಮತ್ತೆ ಪಾಠ ಹಚ್ಚಿಕೊಂಡು ಕೂತರೆ, ಬೀಗ ತೆಗೆದುಕೊಟ್ಟು ತಾನು ಹೊರಟುಬಿಡುತ್ತಿದ್ದ. ಎದುರಿನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಈ ಕಡೆ ಬೆನ್ನು ಮಾಡಿ ಕೂರುತ್ತಿದ್ದನಂತೆ. ಅವಳು ಒಮ್ಮೆ ಕರೆದಳು, "ಬಾರಪ್ಪ, ಇವತ್ತು ಚರ್ಚಿನ ಬಣ್ಣದ ಗಾಜಿನ ಪಾಠ ಐತಿ." ಅವನು, "ಬ್ಯಾಡವಾ, ನನಗ ತಿಳಿದದ್ದ ಹೆಚ್ಚಾಗೇತಿ" ಎಂದ. ಡ್ರಾವರಿನ ಕತ್ತಲಲ್ಲಿ ಆ ಮಾತು ಕೇಳಿ ನನಗೆ ಒಡೆದುಹೋಗಬೇಕೆನಿಸಿತು.

ಎರಡನೆಯ ಪರೀಕ್ಷೆಗೆ ಮುಂಚೆ ಸುಲೋಚನಾ ನನ್ನನ್ನು ಹೊರತೆಗೆದಳು. ಬಡಿಗರ ಹತ್ತಿರ ಒಯ್ದು ಇಮಾಮಸಾಬನ ಹಿಡಿ ಕೀಳಿಸಿ, ತನ್ನ ಕೈಗೆ ಸರಿಹೋಗುವ ನೆಟ್ಟಗಿನ ಹಿಡಿ ಹಾಕಿಸಿದಳು. ನಾನು ಒಂದು ಚೂರೂ ಬೇಸರಪಡಲಿಲ್ಲ. ಪರೀಕ್ಷೆಯ ದಿನ ಗುಡದಪ್ಪ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕೂತ. "ಮಿರರ್ ತೋರಿಸಿ" ಎಂದ ತಕ್ಷಣ ನಾನು ಕಲ್ಲಿನಂತೆ ನಿಂತೆ. "ಓಕೆ ಮೇಡಂ" ಎಂದರು ಅತ್ತಲಿಂದ.

ಪರೀಕ್ಷೆ ಮುಗಿದು ಬಹಳ ಹೊತ್ತಾದ ಮೇಲೆ ಗುಡದಪ್ಪ ಬಂದ. ಹೊಸ್ತಿಲಾಚೆಯೇ ನಿಂತು, "ಹೆಂಗಾತು?" ಎಂದ.

"ಛಲೋ ಆತು. ದೊಡ್ಡ ಪ್ರಶ್ನೆ ಮಠದ ದಿನಚರಿ ಕೇಳಿದ್ರು." ಅವಳು ಅಪ್ಪನ ಕಡೆ ತಿರುಗಿ ಹೇಳಿದಳು. "ಬರೀವಾಗ ಮೇಡಂ ದನಿ ನೆನಪಾಗಲೇ ಇಲ್ಲಪ್ಪ. ಎಲ್ಲಾ ನಿನ್ನ ದನಿಯಾಗ ಬಂತು. ನೀ ಒಪ್ಪಿಸ್ತಿದ್ದಿ ನೋಡು, ಹಂಗ ಬರದೆ."

ಗುಡದಪ್ಪ ಯೋಚಿಸಿದ. "ಹಂಗಾರ ಅವರು ನನ್ನ ಹಿಡದದ್ದು ಬರೋಬ್ಬರಿನ ಆತಲ್ಲವಾ" ಎಂದ.

ಸುಲೋಚನಾ ನಕ್ಕಳು. ಅವನೂ ನಕ್ಕ, ಏಳು ತಿಂಗಳ ಮೇಲೆ. ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಬಣ್ಣದ ಗಾಜಿನ ಪಾಠ ಇನ್ನೂ ಐತೇನು ಎಂದು ಕೇಳಿದ. ಅವಳು ಹಚ್ಚಿಕೊಟ್ಟಳು.

ಅವಳು ಪಾಸಾದಳು. ಪಟ್ಟಿಗೆ ಇನ್ನೂ ಕಾಯುತ್ತಿದ್ದಾಳೆ. ಹೊಸ ಹಿಡಿ ಗುಡದಪ್ಪನ ಬೆರಳಿಗೆ ಹೊಂದುವುದಿಲ್ಲ, ಹಾಗಾಗಿ ಅವನು ಬೇರೆ ಕನ್ನಡಿ ತಂದುಕೊಂಡ. ನಾನೀಗ ಅಂಗನವಾಡಿಯ ಗೋಡೆಯಲ್ಲಿ, ಮಕ್ಕಳಿಗೆ ಎಟಕುವ ಎತ್ತರದ ಮೊಳೆಗೆ ತೂಗುಬಿದ್ದಿದ್ದೇನೆ. ನನ್ನ ಒಂದು ಅಂಚಿನ ಪಾದರಸ ಕಿತ್ತುಬಂದಿದೆ. ಮಕ್ಕಳು ನಾಲಿಗೆ ಚಾಚಿ ನೋಡಿ ಓಡುತ್ತಾರೆ.

ಅಪ್ಪ ತನ್ನ ಕೈಯ ತಪ್ಪೆಂದು ಕೊರಗಿದ, ಮಗಳು ಅದನ್ನು ಮನ್ನಿಸಿದಳು. ಅವನ ಕೈಯಲ್ಲಿ ತಪ್ಪಿರಲಿಲ್ಲ, ಕರೆದವನು ನಾನು. ಅವಳು ದಿನಾ ಬೆಳಿಗ್ಗೆ ಬಂದು ತನ್ನ ಸೆರಗಿನಿಂದ ನನ್ನ ಮುಖ ಒರೆಸುತ್ತಾಳೆ. ನನಗೆ ಅವಳ ಕಣ್ಣು ನೋಡಲಾಗುವುದಿಲ್ಲ, ಆದರೆ ಕನ್ನಡಿಗೆ ಮುಖ ತಿರುಗಿಸಲು ಬರುವುದಿಲ್ಲ.