ಹಿಂದಿನ ಮಣೆ

ಚಟ್ಟದ ಅಡ್ಡಬಿದಿರಿಗೆ ಬೋರಣ್ಣ ಹಗ್ಗ ಬಿಗಿಯುತ್ತಿದ್ದಾಗ ಸೋದರಮಾವ ಗಂಗಾಧರಯ್ಯ ಬಂದು ಅವನೆದುರು ಕುಕ್ಕರುಗಾಲಲ್ಲಿ ಕೂತರು.

"ಅದನ್ನ ಬೇರೆ ಯಾರಾದ್ರೂ ಕಟ್ತಾರೆ, ಬಿಡು."

"ಆಗೋಯ್ತು ಮಾವ. ಇನ್ನೊಂದೇ ಗಂಟು."

"ಗಂಟಿನ ಮಾತಲ್ಲ ಕಣಪ್ಪ. ನಿಮ್ಮಣ್ಣನ ಮುಂದೆ ಬೆಂಕಿ ಗಡಿಗೆ ಹಿಡ್ಕೊಂಡು ನಡಿಯೋರು ಯಾರು ಅಂತ ಒಳಗೆ ಮಾತು ನಡೀತಾ ಐತೆ."

ಬೋರಣ್ಣನ ಕೈ ನಿಂತಿತು. ಅಣ್ಣ ಚಿಕ್ಕಬೈರಪ್ಪನಿಗೆ ಮಕ್ಕಳಿರಲಿಲ್ಲ. ಒಡಹುಟ್ಟಿದವನೆಂದರೆ ತಾನೊಬ್ಬನೇ. ಇದರಲ್ಲಿ ಯಾರನ್ನು ಕೇಳುವುದಿದೆ ಎಂದುಕೊಂಡು ಬೆಳಗಿನಿಂದ ಬಿದಿರು ಕಡಿದು ತಂದಿದ್ದ, ಗುಂಡಿ ತೆಗೆಯುವವರಿಗೆ ಜಾಗ ತೋರಿಸಿ ಬಂದಿದ್ದ.

"ನಾನಲ್ಲದೆ ಇನ್ಯಾರು?"

ಗಂಗಾಧರಯ್ಯ ನೆಲ ನೋಡಿದರು. "ನೀನು ಅವನ ಜೊತೆ ಮಾತು ಬಿಟ್ಟು ಹತ್ತು ವರ್ಷದ ಮೇಲಾಯ್ತು. ಬದುಕಿದ್ದಾಗ ಅಣ್ಣಾ ಅಂತ ಕರೀದೇ ಇದ್ದೋನು ಸತ್ತ ಮೇಲೆ ಗಡಿಗೆ ಹಿಡಿದ್ರೆ ಜನ ನಗ್ತಾರೆ. ಇಟ್ಟಮಡುವಿಂದ ನನ್ನ ಮಗ ಬಂದವ್ನೆ. ಅವನೇ ಹಿಡೀಲಿ ಅಂತ ನಾಕು ಜನ ಹೇಳ್ತವ್ರೆ."

"ಅತ್ತಿಗೆ ಏನಂದ್ರು?"

"ಅವಳನ್ನ ಇನ್ನೂ ಕೇಳಿಲ್ಲ."

ಬೋರಣ್ಣ ಉಳಿದಿದ್ದ ಗಂಟನ್ನು ಹಾಕಿ ಎದ್ದ. ರಾತ್ರಿಯಿಂದ ಸುರಿಯುತ್ತಿದ್ದ ಮಳೆ ಆಗಷ್ಟೇ ಬಿಟ್ಟಿತ್ತು. ಮನೆಗಳ ಹಿಂದೆ ಪುಟ್ಟೇನಹಳ್ಳಿ ಕೆರೆ ಕೆಂಪಗೆ ತುಂಬಿ ನಿಂತಿತ್ತು. ಅಣ್ಣನಿಗೆ ಕೋಳಿ ಕೂಗುವ ಹೊತ್ತಿಗೆ ಎದೆ ಹಿಡಿದುಕೊಂಡಿತಂತೆ. ನೀರು ಕೇಳಿದನಂತೆ, ನೀರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದನಂತೆ. ಬೋರಣ್ಣನಿಗೆ ತಿಳಿದದ್ದು ಗೋಡೆಯಾಚೆಯಿಂದ ಅತ್ತಿಗೆಯ ಕೂಗು ಕೇಳಿದಾಗ.

*

ಮಾತು ನಿಂತದ್ದು ಐವತ್ತಾರನೆಯ ಇಸವಿಯಲ್ಲಿ. ಬೋರಣ್ಣನ ಎರಡನೆಯ ಮಗಳು ಸೀತಮ್ಮ ಆಗಿನ್ನೂ ತೊಟ್ಟಿಲಲ್ಲಿದ್ದಳು. ಒಂದು ಸಂಜೆ ಅತ್ತಿಗೆ ಮುನಿಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆಗೆ ತಾನೇ ಹೊಲಿದ ಪುಟ್ಟ ಲಂಗವೊಂದನ್ನು ಇಟ್ಟುಕೊಂಡು ಬಂದಳು. ಹಿಂದೆ ಅಣ್ಣ. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದನ್ನು ಸುತ್ತಿ ಬರುವುದಕ್ಕೆ ಇಷ್ಟೊಂದು ಸಡಗರ ಯಾಕೆ ಎಂದು ಬೋರಣ್ಣನಿಗೆ ಮೊದಲು ತಿಳಿಯಲೇ ಇಲ್ಲ.

"ಈ ಕೂಸನ್ನ ನಮಗೆ ಕೊಡ್ರಪ್ಪ," ಅಂದಳು ಅತ್ತಿಗೆ. "ಗೋಡೆ ಆಚೆ ಬೆಳೀತಾಳೆ, ಅಷ್ಟೆ. ಹಾಲು ಕುಡಿಯೋಕೆ ನಿನ್ನ ಹತ್ರಾನೇ ಬರ್ತಾಳೆ ಗೌರಿ."

ಬೋರಣ್ಣನ ಹೆಂಡತಿ ಗೌರಮ್ಮ ಮಗುವನ್ನು ಎತ್ತಿ ಸೆರಗಿನೊಳಗೆ ಎಳೆದುಕೊಂಡಳು. ಬೋರಣ್ಣ ಮೆತ್ತಗೆ ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎನ್ನಬಹುದಿತ್ತು.

"ಕೇಳಿದ ತಕ್ಷಣ ಎತ್ಕೊಡೋಕೆ ಮಗು ಏನು ಮೀನಿನ ಬುಟ್ಟೀನಾ ಅತ್ತಿಗೆ?" ಎಂದುಬಿಟ್ಟ.

ಮುನಿಲಕ್ಷ್ಮಮ್ಮ ತಟ್ಟೆಯ ಮೇಲೆ ಸೆರಗು ಮುಚ್ಚಿ ತಿರುಗಿ ಹೋದಳು. ಅಣ್ಣ ಬಾಗಿಲಲ್ಲಿ ತಿರುಗಿ ನಿಂತ. "ಸರಿ ಕಣೋ. ಇನ್ಮೇಲೆ ನಿನ್ನ ಹತ್ರ ನಾನು ಏನೂ ಕೇಳಲ್ಲ," ಅಂದ.

ಕೇಳಲಿಲ್ಲ. ಕೇಳದವನಿಗೆ ಹೇಳುವುದಕ್ಕೂ ಬೋರಣ್ಣನಿಗೆ ದಾರಿ ಉಳಿಯಲಿಲ್ಲ. ಆದರೆ ಅಪ್ಪ ಬಿಟ್ಟುಹೋದದ್ದು ಒಂದು ದೋಣಿ, ಒಂದು ಬಲೆ. ಮುಂದೆ ನಿಂತು ಬಲೆ ಬೀಸುವವನು ಅಣ್ಣ, ಹಿಂದಿನ ಮಣೆಯ ಮೇಲೆ ಕೂತು ಹುಟ್ಟು ಹಾಕುವವನು ತಮ್ಮ. ಒಬ್ಬನಿಂದ ಆಗುವ ಕೆಲಸವಲ್ಲ. ಮಾರನೆಯ ಬೆಳಿಗ್ಗೆ ಇಬ್ಬರೂ ಎಂದಿನಂತೆ ಕೆರೆಗೆ ಬಂದರು, ದೋಣಿ ಬಿಚ್ಚಿದರು, ಬಾಯಿ ಬಿಚ್ಚಲಿಲ್ಲ.

*

ಆ ಮಳೆಗಾಲದಲ್ಲೇ ಬೋರಣ್ಣ ಕೆರೆ ಏರಿಯ ಮೇಲೆ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡ. ಹಿಂದಿನ ಮಣೆ ತೀರ ತಗ್ಗು. ಕಾಲು ಮಡಚಿ ಕೂತರೆ ಜೀವ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಹುಟ್ಟು ಹಾಕಿದ. ಒಂದು ಬೆಳಿಗ್ಗೆ ಬಂದು ನೋಡಿದರೆ ಮಣೆ ಒಂದು ಗೇಣು ಎತ್ತರವಾಗಿತ್ತು. ಜಯನಗರದ ಯಾವುದೋ ಅಂಗಡಿಯ ಹಿಂದೆ ಎಸೆದಿದ್ದ ಸಾಬೂನಿನ ಪೆಟ್ಟಿಗೆಯ ಹಲಗೆಗಳು, ಮೇಲಿನ ಅಕ್ಷರವೂ ಅಳಿಸಿರಲಿಲ್ಲ. ಅಣ್ಣ ಮುಂದುಗಡೆ ಬೆನ್ನು ತಿರುಗಿಸಿ ಬಲೆಯ ಸಿಕ್ಕು ಬಿಡಿಸುತ್ತಿದ್ದ.

ಬೋರಣ್ಣ ಕೂತ. ಕಾಲು ಸಲೀಸಾಗಿ ಚಾಚಿತು. ಆ ವಾರವೆಲ್ಲ ಅವನಿಗೆ ಸುಮ್ಮನಿರುವುದೇ ಕಷ್ಟವಾಯಿತು. ಬಲೆ ಎಳೆಯುವಾಗ ಅಣ್ಣನ ಅಂಗೈ ದೋಣಿಯ ಅಂಚಿಗೆ ಉಜ್ಜಿ ಸಿಬಿರು ಹತ್ತುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಸೈಕಲ್ ಅಂಗಡಿಯವನು ಬಿಸಾಡಿದ ಸವೆದ ಟೈರು ತಂದು, ಉದ್ದಕ್ಕೆ ಸೀಳಿ, ಅಂಚಿಗೆ ಹೊದಿಸಿ ಮೊಳೆ ಹೊಡೆದ. ಮಾರನೆಯ ದಿನ ಅಣ್ಣ ಅದರ ಮೇಲೆ ಒಮ್ಮೆ ಕೈಯಾಡಿಸಿದ. ಅಷ್ಟೆ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಮೀನು ಬೇಗ ಕೆಡದಿರಲೆಂದು ಒದ್ದೆ ಗೋಣಿ ಸುತ್ತಿದ ಸೀಮೆಎಣ್ಣೆ ಡಬ್ಬವೊಂದು ನಡುವೆ ಬಂದು ಕೂತಿತು. ದೋಣಿಗೆ ನುಗ್ಗಿದ ನೀರು ಎತ್ತಿ ಹಾಕುವ ತಗಡಿನ ಡಬ್ಬಕ್ಕೆ, ಅಣ್ಣನಿಗೆ ಸೊಂಟ ನೋವೆಂದು ಕಂಡ ವರ್ಷ, ತಮ್ಮ ಉದ್ದನೆಯ ಮರದ ಹಿಡಿ ಹಾಕಿದ. ಎಲ್ಲವೂ ಪ್ರೀತಿಯೇ ಆಗಿತ್ತೆಂದಲ್ಲ. ಲಾಟೀನು ತೂಗುಹಾಕುವ ಕೊಕ್ಕೆಯನ್ನು ಒಬ್ಬ ಎಡಕ್ಕೆ ಹೊಡೆದರೆ ಇನ್ನೊಬ್ಬ ಕಿತ್ತು ಬಲಕ್ಕೆ ಹೊಡೆಯುವುದು ಒಂದು ಬೇಸಿಗೆ ಪೂರ್ತಿ ನಡೆಯಿತು. ಸೀತಮ್ಮನ ಕಿವಿ ಚುಚ್ಚಿಸಿದ ದಿನ ಗೋಡೆಯಾಚೆಗೆ ಕರೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಹಿಂದಿನ ಮಣೆಯ ಹಲಗೆಗಳು ಕಿತ್ತು ದೋಣಿಯ ತಳದಲ್ಲಿ ಬಿದ್ದಿದ್ದವು. ಬೋರಣ್ಣ ತಗ್ಗಿನಲ್ಲೇ ಕೂತು ಹುಟ್ಟು ಹಾಕಿದ. ಎಷ್ಟೋ ದಿನದ ಮೇಲೆ ಹಲಗೆಗಳು ಮತ್ತೆ ಮೇಲೇರಿದವು. ಈ ಸಲ ಅವುಗಳ ಅಂಚನ್ನು ಉಜ್ಜಿ ನುಣುಪು ಮಾಡಲಾಗಿತ್ತು.

ಬೇಸಿಗೆ ಬಂತೆಂದರೆ ದೋಣಿಯನ್ನು ಏರಿಯ ಮೇಲೆ ಮಗುಚುತ್ತಿದ್ದರು. ಜಯನಗರದ ಹೊಸ ಬ್ಲಾಕುಗಳಿಗೆ ರಸ್ತೆ ಹಾಕುವವರು ಪೀಪಾಯಿಯ ತಳದಲ್ಲಿ ಬಿಟ್ಟ ಟಾರನ್ನು ಕೆರೆದು ತಂದು ಕಾಯಿಸುತ್ತಿದ್ದರು. ಅಣ್ಣ ತೆಂಗಿನ ನಾರನ್ನು ಸಂದಿಗೆ ತುರುಕುತ್ತ ಹೋದರೆ ತಮ್ಮ ಅವನ ಕೈ ಹಿಂದೆಯೇ ಟಾರು ಬಳಿಯುತ್ತ ಬರುತ್ತಿದ್ದ. ದಾರಿಯಲ್ಲಿ ಹೋಗುವವರು ನೋಡಿದರೆ, ಈ ಅಣ್ಣತಮ್ಮಂದಿರಿಗೆ ಮಾತೇ ಬೇಕಿಲ್ಲ ಎಂದುಕೊಳ್ಳಬೇಕು.

*

ಒಳಗೆ ಮುನಿಲಕ್ಷ್ಮಮ್ಮ ಗಂಡನ ತಲೆಯ ಬಳಿ ಗೋಡೆಗೊರಗಿ ಕೂತಿದ್ದಳು. ಅತ್ತು ಮುಗಿದಂತಿತ್ತು. ಗಂಗಾಧರಯ್ಯ ವಿಷಯ ಎತ್ತಿದರು. ಬೋರಣ್ಣ ಹೊಸಿಲಿನ ಹೊರಗೇ ನಿಂತ.

"ನಿನ್ನ ಮನಸ್ಸು ಹೇಳಮ್ಮ," ಅಂದರು ಗಂಗಾಧರಯ್ಯ. "ಮಾತೇ ಆಡದೋನು ಹಿಡಿಯೋದು ಸರಿ ಅಲ್ಲ ಅಂತ ಇವ್ರೆಲ್ಲ."

"ಅವರಿಬ್ರೂ ಮಾತಾಡ್ತಿರಲಿಲ್ಲ ಅಂತ ಯಾರು ಹೇಳಿದ್ದು?"

"ಊರಿಗೇ ಗೊತ್ತಲ್ಲಮ್ಮ."

"ಊರು ದೋಣೀಲಿತ್ತಾ ಮಾವ?"

ಅವಳು ಗಂಡನ ಎದೆಯ ಮೇಲಿದ್ದ ಹೂವನ್ನು ಸರಿಮಾಡಿದಳು.

"ದಿನಾ ಕೆರೆಯಿಂದ ಬಂದು ಕೈ ತೊಳ್ಯೋಕೆ ಮುಂಚೆ ನನಗೆ ಹೇಳೋರು. ಇವತ್ತು ಅವನು ಟೈರು ಹೊಡೆದವ್ನೆ ಲಕ್ಷ್ಮಿ. ಇವತ್ತು ಡಬ್ಬಕ್ಕೆ ಹಿಡಿ ಹಾಕವ್ನೆ, ನನ್ನ ಸೊಂಟ ನೋವು ಅವನಿಗೆ ಹೆಂಗೆ ತಿಳೀತು ಅಂತ. ನನಗೆ ಬೇಡ ಅಂದ್ರೂ ಬಿಡ್ತಿರಲಿಲ್ಲ, ಹೇಳೋರು. ನಿನ್ನೆ ಸಂಜೆ ಮಳೇಲೇ ಬೈರಿಗೆ ತಗೊಂಡು ಹೊರಟ್ರು. ಏನು ತೂತು ಹೊಡೀತೀರಾ ಈ ಮಳೇಲಿ ಅಂದೆ. ನಾಳೆ ಅವನು ಬಂದು ನೋಡ್ಲಿ, ಅಂದ್ರು."

ಮೊದಲ ಬಾರಿ ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

"ನೀನು ಅಂದ ಮಾತು ನನಗೆ ಮರೆತಿಲ್ಲ ಬೋರಣ್ಣ. ಆ ಲಂಗ ಇನ್ನೂ ನನ್ನ ಪೆಟ್ಟಿಗೇಲೇ ಐತೆ. ಅದು ನಿನ್ನ ನನ್ನ ಮಧ್ಯೆ ಇರ್ಲಿ. ಗಡಿಗೆ ನೀನೇ ಹಿಡಿ."

ಬೋರಣ್ಣ ಏನೋ ಹೇಳಲು ಹೊರಟ. ಅವಳು ಆಗಲೇ ಮುಖ ತಿರುಗಿಸಿದ್ದಳು. ಗಂಗಾಧರಯ್ಯ ತಮ್ಮ ಮಗನಿಗೆ ಕಣ್ಣಲ್ಲೇ ಬೇಡವೆಂದು ಹೇಳಿ, ಕೆಂಡ ತುಂಬಿದ ಗಡಿಗೆಯನ್ನು ತಾವೇ ತಂದು ಬೋರಣ್ಣನ ಕೈಗೆ ಕೊಟ್ಟರು. ಹೆಣ ಎತ್ತುವ ಹೊತ್ತಿಗೆ, ಯಾರೂ ಹೇಳದೆಯೇ, ಸೀತಮ್ಮ ಹೋಗಿ ದೊಡ್ಡಮ್ಮನ ಪಕ್ಕ ಕೂತಳು. ಗೌರಮ್ಮ ಅದನ್ನು ನೋಡಿದಳು, ಕರೆಯಲಿಲ್ಲ.

ಗುಂಡಿ ತೆಗೆದದ್ದು ಕೆರೆಯ ಆಚೆ ಬದಿಯ ದಿಣ್ಣೆಯ ಮೇಲೆ. ಏರಿಯುದ್ದಕ್ಕೂ ಕೆಸರು. ಬೋರಣ್ಣ ಹೊಗೆಯಾಡುವ ಗಡಿಗೆ ಹಿಡಿದು ಮುಂದೆ ನಡೆದ. ಅಣ್ಣ ಹಿಂದೆ, ತಾನು ಮುಂದೆ ಹೋಗುತ್ತಿರುವುದು ಅವನಿಗೆ ಅಭ್ಯಾಸವಿಲ್ಲದ್ದು. ಮತ್ತೆಮತ್ತೆ ತಿರುಗಿ ನೋಡಿದ. ಗುಂಡಿಗೆ ಇಳಿಸಿದ ಮೇಲೆ ಮೊದಲ ಹಿಡಿ ಮಣ್ಣು ಹಾಕುವಾಗ, "ಕರೀ ಕಣಪ್ಪ, ಒಂದ್ಸಲ ಕರೀ," ಅಂದರು ಗಂಗಾಧರಯ್ಯ. ಬೋರಣ್ಣ ಬಾಯಿ ತೆರೆದ. ಆ ಕರೆ ನಾಲಿಗೆಗೆ ಬಂದು ಎಷ್ಟೋ ಕಾಲವಾಗಿತ್ತು. ತುಟಿ ಮಾತ್ರ ಆಡಿತು, ದನಿ ಬರಲಿಲ್ಲ. ಕೈಯಲ್ಲಿದ್ದ ಮಣ್ಣು ಬೆರಳ ಸಂದಿಯಿಂದ ತಾನಾಗಿಯೇ ಉದುರಿತು.

*

ಕೆರೆಯಲ್ಲಿ ಮುಳುಗಿ ಎದ್ದು ಎಲ್ಲರೂ ದೀಪ ನೋಡಲು ಮನೆ ಕಡೆ ಹೋದರು. ಬೋರಣ್ಣ ಹಿಂದೆ ಉಳಿದು ದೋಣಿ ಕಟ್ಟಿದ್ದ ಹೊಂಗೆ ಮರದ ಬಳಿಗೆ ಬಂದ. ಮಳೆ ನೀರು ತುಂಬಿ ದೋಣಿ ಭಾರವಾಗಿ ಕೂತಿತ್ತು. ಒದ್ದೆ ಬಟ್ಟೆಯಲ್ಲೇ ಇಳಿದು ನೀರು ಎತ್ತಿ ಹಾಕಿದ. ಆಮೇಲೆ ಹಿಂದಿನ ಮಣೆಯ ಹತ್ತಿರ ಬಗ್ಗಿದ.

ಮಣೆಯ ಎಡಕ್ಕೊಂದು, ಬಲಕ್ಕೊಂದು, ದೋಣಿಯ ಅಂಚಿನಲ್ಲಿ ಎರಡು ಹೊಸ ತೂತು. ಹೆಬ್ಬೆರಳು ಹಿಡಿಸುವಷ್ಟು. ಟಾರಿನ ಕಪ್ಪಿನ ನಡುವೆ ಒಳಗಿನ ಮರ ಹಳದಿಯಾಗಿ ಕಾಣುತ್ತಿತ್ತು. ಬೈರಿಗೆಯ ಹೊಟ್ಟು ನೆನೆದು ಹಲಗೆಗೆ ಅಂಟಿಕೊಂಡಿತ್ತು. ಅವುಗಳಿಗೆ ಏನನ್ನೂ ಸಿಕ್ಕಿಸಿರಲಿಲ್ಲ. ಬೋರಣ್ಣ ಮಣೆಯ ಕೆಳಗೆ ಹುಡುಕಿದ, ಗೋಣಿ ಸುತ್ತಿದ ಡಬ್ಬದೊಳಗೆ ಕೈ ಹಾಕಿದ, ಬಲೆಯನ್ನು ಕೊಡವಿದ. ಮೊಳೆಯಿಲ್ಲ, ಹಗ್ಗವಿಲ್ಲ, ಕೋಲಿಲ್ಲ. ಹುಟ್ಟಿಗೆ ಆಸರೆಯೋ, ಬೆನ್ನಿಗೆ ಒರಗುಹಲಗೆಯೋ, ಮಳೆಗೆ ಗೋಣಿತಾಟು ಕಟ್ಟಲು ಬಿದಿರಿನ ಕಮಾನೋ, ತೂತು ಯಾವುದಕ್ಕೆ? ತನ್ನ ಮಣೆಯ ಮೇಲೆ ಕೂತು ಕೈ ಅತ್ತಿತ್ತ ಆಡಿಸಿ ನೋಡಿದ. ಯಾವುದೆಂದು ಹೊಳೆಯಲಿಲ್ಲ.

ಎದ್ದು, ದೋಣಿ ಅಲುಗಾಡದಂತೆ ಅಂಚು ಹಿಡಿದುಕೊಂಡು ಮುಂದಕ್ಕೆ ಹೋದ. ಅಣ್ಣ ಬಲೆ ಎಳೆದು ದಣಿದಾಗ ತಮ್ಮನ ಕಡೆ ಮುಖ ಮಾಡಿ ಕೂರುತ್ತಿದ್ದ ಜಾಗದಲ್ಲಿ ಕೂತ. ಬೆಳಕು ಕಡಿಮೆಯಾಗುತ್ತಿತ್ತು. ಅಲ್ಲಿಂದ ಬೋರಣ್ಣ ತನ್ನ ಖಾಲಿ ಮಣೆಯನ್ನೇ ನೋಡುತ್ತ ಉಳಿದ, ಅಲ್ಲಿ ಕೂತವನಿಗೆ ಏನು ಕಮ್ಮಿಯಾಗಿದೆ ಎಂದು.