ಅಕ್ಕನ ಕಿಟಕಿ

ತಿಂಗಳ ಮೊದಲ ಭಾನುವಾರ ವಸ್ತುಸಂಗ್ರಹಾಲಯಕ್ಕೆ ಪುಕ್ಕಟೆ ಪ್ರವೇಶ. ಪುಕ್ಕಟೆಯಾದರೂ ಹನ್ನೊಂದು ವರ್ಷ ನಾನು ಅತ್ತ ತಲೆ ಹಾಕಿರಲಿಲ್ಲ. ಅದು ಕ್ರೈಸ್ತ ಸನ್ಯಾಸಿನಿಯರ ಮಠವಾಗಿದ್ದಾಗ ನನ್ನಕ್ಕ ದೊಮಿತಿಲ್ಲ ಅಲ್ಲಿ ನಲವತ್ತಮೂರು ವರ್ಷ ಇದ್ದಳು. ಹತ್ತೊಂಬತ್ತಕ್ಕೆ ಒಳಗೆ ಹೋದವಳ ಮುಖವನ್ನು ನಾನು ಮತ್ತೆ ನೋಡಿದ್ದು ಶವಪೆಟ್ಟಿಗೆಯಲ್ಲಿ.

ಪ್ರತಿ ಶನಿವಾರ ಮಾತಾಡುತ್ತಿದ್ದೆವು, ಗೋಡೆಯಲ್ಲಿ ಕೂರಿಸಿದ ಮರದ ತಿರುಗುಪೆಟ್ಟಿಗೆಯ ಆಚೀಚೆ ನಿಂತು. ನಾನು ಮೊಟ್ಟೆ, ಅಂಜೂರ ಇಟ್ಟು ತಿರುಗಿಸಿದರೆ ಅವಳು ಬಾದಾಮಿ ಬಿಸ್ಕತ್ತು ಇಟ್ಟು ತಿರುಗಿಸುವಳು. ಹೊರಗಿನವರಿಗೆ ಮುಖ ತೋರಿಸಬಾರದೆಂಬುದು ಮಠದ ನಿಯಮ; ದನಿ ಮಾತ್ರ.

"ನನ್ನ ಕಿಟಕಿಯಿಂದ ನಿನ್ನ ಬಾಲ್ಕನಿ ಕಾಣುತ್ತೆ ಕಣೇ ಎರ್ಸೀಲಿಯಾ," ಎಂದಿದ್ದಳು ಮೊದಲ ವರ್ಷವೇ. "ದಿನಾ ಒಂದು ಬಿಳಿ ಬಟ್ಟೆ ಹಾಕು. ಅದನ್ನ ನೋಡ್ಕೊಂಡು ಮಲಗ್ತೀನಿ."

ಹಾಕಿದೆ. ಅಮೆದೇಯೊ ನನ್ನನ್ನು ಮದುವೆಯಾಗಿ ಅಂಕೋನಾಕ್ಕೆ ಕರೆದೊಯ್ಯುತ್ತೇನೆಂದಾಗಲೂ ಬಾಲ್ಕನಿ ಬಿಟ್ಟು ಬರಲಾರೆ ಎಂದೆ. "ಬಟ್ಟೆ ಒಣಹಾಕೋಕೆ ಆಳು ಇಡೋಣ ಬಿಡು," ಎಂದು ನಕ್ಕ. ಅವತ್ತೇ ಸಾಗಹಾಕಿದೆ. ಅಲ್ಲಿ ಬೇರೆಯವಳನ್ನು ಕಟ್ಟಿಕೊಂಡು ಚೆನ್ನಾಗಿಯೇ ಇದ್ದನಂತೆ, ಪುಣ್ಯಾತ್ಮ.

ಸುಳ್ಳೇಕೆ, ಎಷ್ಟೋ ದಿನ ಮರೆತದ್ದುಂಟು. ಜ್ವರ ಬಂದಾಗ, ಟಿವಿಯಲ್ಲಿ ಹಾಡಿನ ಸ್ಪರ್ಧೆ ಇದ್ದಾಗ. ಶನಿವಾರ ಕೇಳಿದರೆ, "ವಾರವೆಲ್ಲಾ ನೋಡಿದೆ," ಎನ್ನುವಳು. ನನ್ನ ಮಾನ ಉಳಿಸುತ್ತಿದ್ದಾಳೆ ಎಂದುಕೊಂಡಿದ್ದೆ.

ಈಗ ನನ್ನ ಮಂಡಿ ಸೋತಿದೆ. ಮೂರನೆಯ ಮಹಡಿ ಬಿಟ್ಟು ತನ್ನ ಮನೆಗೆ ಬಾ ಎಂದು ಅಣ್ಣನ ಮಗಳು ಫಿಯೊರೆಲ್ಲ ಗಂಟು ಬಿದ್ದಿದ್ದಾಳೆ. ಅಕ್ಕ ದಿನವೂ ನೋಡುತ್ತಿದ್ದ ಬಾಲ್ಕನಿಯನ್ನು ಹೇಗೆ ಬಿಡಲಿ? ಒಮ್ಮೆ ಅವಳ ಕಿಟಕಿಯಿಂದಲೇ ನೋಡಿ ತೀರ್ಮಾನಿಸೋಣವೆಂದು ಬೆಳಿಗ್ಗೆ ಬಟ್ಟೆ ಹಾಕಿ ಹೊರಟೆ.

ಕೋಣೆಗಳ ಬಾಗಿಲ ಮೇಲೆ ಸಂತರ ಹೆಸರು ಇನ್ನೂ ಹಾಗೇ ಇದೆ. ಅಕ್ಕನದು ಸಂತ ಲೂಸಿಯಾಳ ಕೋಣೆ. ಮಂಚವಿದ್ದ ಕಡೆ ಗಾಜಿನ ಪೆಟ್ಟಿಗೆ, ಅದರಲ್ಲಿ ಎರಡು ಸಾವಿರದ ನಾನೂರು ವರ್ಷದ ಹಿಂದೆ ಯಾವಳೋ ಮುಖ ನೋಡಿಕೊಂಡ ಕಂಚಿನ ಕನ್ನಡಿ. ಅಕ್ಕನಿದ್ದಾಗ ಈ ಮಠದಲ್ಲಿ ಕನ್ನಡಿಯೇ ನಿಷಿದ್ಧ.

ಕಿಟಕಿ ಕಣ್ಣಿಗಿಂತ ತುಸು ಎತ್ತರದಲ್ಲಿತ್ತು, ಎರಡು ಗೇಣು ಅಗಲ. ತುದಿಗಾಲಲ್ಲಿ ನಿಂತೆ. ಒಳಗಿನ ಅಂಗಳ, ಅದರಾಚೆ ಎದುರು ಗೋಡೆ. ಅಷ್ಟೇ.

"ಕನ್ನಡಿ ಇಲ್ಲಿದ್ರೆ ನೀವು ಗೋಡೆ ನೋಡ್ತೀರಲ್ಲ ಅಜ್ಜಿ!" ಎಂದಳು ಕಾವಲಿನ ಹುಡುಗಿ ಲೊರೆದಾನ.

"ಊರು ಕಾಣೋ ಕಿಟಕಿ ಯಾವುದಮ್ಮಾ?"

"ಕೋಣೆಗಳಲ್ಲಿ ಒಂದೂ ಇಲ್ಲ. ಲೋಕ ಕಣ್ಣಿಗೆ ಬೀಳಬಾರದು ಅಂತ ಎಲ್ಲಾನೂ ಒಳಗಡೆಗೇ ಇಟ್ಟಿದ್ರು. ಮೆಟ್ಟಿಲ ಹತ್ರ ಒಂದಿದೆ, ಅದು ಮ್ಯೂಸಿಯಂ ಆದ್ಮೇಲೆ ಗೋಡೆ ಒಡೆದು ಮಾಡಿದ್ದು."

ನನಗೆ ಮೈಯೆಲ್ಲ ಉರಿಯಿತು. ದೇವರ ಮನೆಯಲ್ಲಿ ಕೂತು ನಲವತ್ತಮೂರು ವರ್ಷ ಸುಳ್ಳು! ಇದಕ್ಕಾಗಿ ನಾನು ಬಾಳನ್ನೆಲ್ಲ ಹಗ್ಗಕ್ಕೆ ಹಾಕಿದೆನೆ? ಎದುರಿಗಿದ್ದಿದ್ದರೆ ಜುಟ್ಟು ಹಿಡಿದು ಕೇಳುತ್ತಿದ್ದೆ. ಜುಟ್ಟಾದರೂ ಎಲ್ಲಿತ್ತು, ಒಳಗೆ ಸೇರಿದ ದಿನವೇ ಕತ್ತರಿಸಿದ್ದರು.

ಹೊರಟವಳು ಬಾಗಿಲಲ್ಲಿ ತಿರುಗಿ ಆ ಗೋಡೆಯನ್ನು ಇನ್ನೊಮ್ಮೆ ನೋಡಿದೆ. ಬೂದು ಬಣ್ಣ, ಒಂದು ಬಿರುಕು. ಇಷ್ಟನ್ನೇ ನೋಡಿಕೊಂಡು ಇದ್ದಳು. ದಿನಕ್ಕೊಮ್ಮೆ ಯಾರಾದರೂ ತನ್ನನ್ನು ನೆನೆಯಲಿ ಎಂದು ಒಂದು ಬಟ್ಟೆ ಕೇಳಿದ್ದಳು. ನಾನು ಅದನ್ನೂ ಮರೆಯುತ್ತಿದ್ದೆ.

ಮೆಟ್ಟಿಲ ಬಳಿಯ ಹೊಸ ಕಿಟಕಿಯಿಂದ ಹಂಚಿನ ಮಾಡುಗಳು, ನಮ್ಮ ಬೀದಿ, ಮೂರನೆಯ ಮಹಡಿ, ಎಲ್ಲ ಕಂಡವು. ಬಟ್ಟೆ ಬೆರಳಿನ ಉಗುರಿನಷ್ಟಿತ್ತು. ಕಾಲು ನೋಯುವ ತನಕ ನೋಡಿದೆ.

ತಿರುಗುಪೆಟ್ಟಿಗೆ ಈಗ ಟಿಕೆಟ್ ಕೌಂಟರಿನ ಪಕ್ಕದಲ್ಲಿದೆ, ಮುಟ್ಟಬಾರದೆಂಬ ಫಲಕದ ಜೊತೆ. ಬಾಗಿ ಬಾಯಿಟ್ಟೆ.

"ಕಾಣುತ್ತೆ ಕಣೇ ಅಕ್ಕಾ. ಇವತ್ತು ಹಾಕಿದ್ದೆ, ನಾನೇ ನೋಡಿದೆ. ಇನ್ನು ಹಾಕಲ್ಲ. ಫಿಯೊರೆಲ್ಲನ ಮನೆಗೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡ."

"ಮುಟ್ಟಬೇಡಿ ಅಜ್ಜಿ!" ಎಂದಳು ಲೊರೆದಾನ ಹಿಂದಿನಿಂದ.

ಆಗಲೇ ಕೈ ಅಭ್ಯಾಸದಿಂದ ತಿರುಗಿಸಿಬಿಟ್ಟಿತ್ತು. ಪೆಟ್ಟಿಗೆ ಕಿರುಗುಡುತ್ತಾ ಒಂದು ಸುತ್ತು ಹೋಗಿ, ಖಾಲಿಯೇ ನನ್ನೆದುರಿಗೆ ಬಂದು ನಿಂತಿತು.